ನ್ಯೂಟ್ರೋಫಿಲ್ ‘ಹೈ’ ಅಂತ ಬಂತಾ? ಆ ಸಾಲನ್ನು ಓದುವುದು ಹೀಗೆ

ಕಳೆದ ಮಳೆಗಾಲದಲ್ಲಿ ನಮ್ಮ ಬಸವನಗುಡಿ ಮನೆಯ ತಾರಸಿಯಲ್ಲಿ ಗುಲಾಬಿ ಕುಂಡ ಸರಿಸುವಾಗ ಹೆಬ್ಬೆರಳಿಗೆ ಮುಳ್ಳು ಚುಚ್ಚಿತು. ಸುಮ್ನೆ ಅರಿಶಿನ ಮೆತ್ತಿ ಬಿಟ್ಟೆ. ಮೂರನೇ ದಿನಕ್ಕೆ ಬೆರಳು ಬದನೆಕಾಯಿ ಹಾಗೆ ಊದಿ, ಕೀವು ತುಂಬಿ, ಮೈ ಬಿಸಿ. ಡಾಕ್ಟರು ಸಿಬಿಸಿ, ಅಂದರೆ ರಕ್ತಕಣಗಳನ್ನು ಎಣಿಸುವ ಟೆಸ್ಟ್, ಬರೆದುಕೊಟ್ಟರು. ಸಂಜೆ ಮೊಬೈಲಿಗೆ ಬಂದ ರಿಪೋರ್ಟ್‌ನಲ್ಲಿ ನ್ಯೂಟ್ರೋಫಿಲ್ (ಸೋಂಕಿನ ಜೊತೆ ಹೋರಾಡುವ ಒಂದು ಬಗೆಯ ಬಿಳಿರಕ್ತಕಣ) ಶೇ 82, ಪಕ್ಕದಲ್ಲಿ ದಪ್ಪಗೆ ‘ಹೈ’. ರಾತ್ರಿಯೆಲ್ಲ ಗೂಗಲ್ ಮಾಡಿ ಇಲ್ಲದ ರೋಗಗಳನ್ನೆಲ್ಲ ಮೈಮೇಲೆ ಎಳೆದುಕೊಂಡೆ. ನಿಮಗೆ ಆ ಪಾಡು ಬೇಡ.

ಮೊದಲು ಶೇಕಡಾ ಪಕ್ಕಕ್ಕಿಟ್ಟು ಲೆಕ್ಕ ಹಾಕಿ. ಒಟ್ಟು ಬಿಳಿರಕ್ತಕಣವನ್ನು ಶೇಕಡಾದಿಂದ ಗುಣಿಸಿ 100ರಿಂದ ಭಾಗಿಸಿದರೆ ಆಯಿತು. ನನ್ನದು ಒಂದು ಮೈಕ್ರೋಲೀಟರ್ ರಕ್ತಕ್ಕೆ 14,200, ಅದರಲ್ಲಿ ಶೇ 82 ಅಂದರೆ 11,644. ದೊಡ್ಡವರಲ್ಲಿ ಸಾಮಾನ್ಯವಾಗಿ 2,000ದಿಂದ 7,000 ಇರುತ್ತದೆ. ಉಲ್ಟಾ ಕೂಡ ಆಗುತ್ತದೆ. ಡೆಂಗಿಯಲ್ಲಿ ಒಟ್ಟು ಕಣಗಳೇ 2,000ಕ್ಕೆ ಇಳಿದಿದ್ದರೆ ಶೇ 60 ನೋಡಲು ನಾರ್ಮಲ್, ಲೆಕ್ಕ ಹಾಕಿದರೆ ಬರೀ 1,200!

ಇನ್ನು, ಯಾಕೆ ಏರಿತು ಅನ್ನುವುದು. ಬೆರಳನ್ನೇ ನೋಡಿ. ಮುಳ್ಳಿನ ಜೊತೆ ಬ್ಯಾಕ್ಟೀರಿಯಾ ಒಳಹೋದ ಕೂಡಲೇ ಅಲ್ಲೇ ವಾಸವಿರುವ, ಕ್ರಿಮಿ ನುಂಗುವ ಕೋಶಗಳಾದ ಮ್ಯಾಕ್ರೋಫೇಜ್‌ಗಳು ಟಿಎನ್‌ಎಫ್, ಇಂಟರ್‌ಲ್ಯೂಕಿನ್-1 ಅನ್ನುವ ಪುಟ್ಟ ಪ್ರೋಟೀನುಗಳನ್ನು ಬಿಡುತ್ತವೆ. ಇವೇ ಸೈಟೊಕೈನ್, ಜೀವಕೋಶಗಳು ಒಂದಕ್ಕೊಂದು ಕಳಿಸುವ ಚೀಟಿ. ಚೀಟಿ ಸಿಕ್ಕ ರಕ್ತನಾಳದ ಒಳಗೋಡೆ ಸೆಲೆಕ್ಟಿನ್ ಅನ್ನುವ ಹಿಡಿಕೆಗಳನ್ನು ಹೊರಚಾಚುತ್ತದೆ. ಮೆಜೆಸ್ಟಿಕ್ ಕಡೆಯ ರಶ್ ಬಸ್ಸಲ್ಲಿ ಇಳಿಯುವವರು ಒಂದೊಂದೇ ಕಂಬಿ ಹಿಡಿದು ಬಾಗಿಲ ಕಡೆ ಸರಿಯುತ್ತಾರಲ್ಲ, ಹಾಗೆ ರಕ್ತದಲ್ಲಿ ಓಡುತ್ತಿದ್ದ ನ್ಯೂಟ್ರೋಫಿಲ್ ಗೋಡೆಗೆ ತಗುಲಿ ಉರುಳುತ್ತಾ ನಿಧಾನವಾಗುತ್ತದೆ, ಅಲ್ಲಿ ಇಂಟರ್‌ಲ್ಯೂಕಿನ್-8 ಅನ್ನುವ ಚೀಟಿ ಸಿಕ್ಕಿದರೆ ಗಟ್ಟಿಯಾಗಿ ಅಂಟಿ ನಿಲ್ಲುತ್ತದೆ, ಆಮೇಲೆ ಗೋಡೆಯ ಸಂದಿಯಲ್ಲಿ ನುಸುಳಿ ಹೊರಗೆ. ಅಲ್ಲಿಂದ ಮುಂದೆ ಆ ಚೀಟಿಗಳು ದಟ್ಟವಾಗಿರುವ ಕಡೆಗೇ ನಡಿಗೆ. ಬ್ಯಾಕ್ಟೀರಿಯಾ ನುಂಗಿ ಸತ್ತ ನ್ಯೂಟ್ರೋಫಿಲ್‌ಗಳ ರಾಶಿಯೇ ಕೀವು, ಅದರ ಹಸಿರು ಛಾಯೆ ಅವುಗಳೊಳಗಿನ ಒಂದು ಎನ್‌ಜೈಮಿನದು. (ಜೀವವಿಜ್ಞಾನಿ ಮೆಚ್ನಿಕಾಫ್ 1882ರಲ್ಲಿ ನಕ್ಷತ್ರಮೀನಿನ ಮರಿಗೆ ಗುಲಾಬಿ ಮುಳ್ಳನ್ನೇ ಚುಚ್ಚಿ, ಕೋಶಗಳು ಸುತ್ತ ಮುತ್ತುವುದನ್ನು ನೋಡಿದ್ದು. 1908ರಲ್ಲಿ ನೊಬೆಲ್ ಬಂತು. ನನಗೆ ಬಂದದ್ದು ಬಿಲ್.)

ಇನ್ನೊಂದು ಚೀಟಿ, ಜಿ-ಸಿಎಸ್‌ಎಫ್, ಮೂಳೆಮಜ್ಜೆಗೆ ಹೋಗುತ್ತದೆ. ಅಲ್ಲಿ ದಿನಕ್ಕೆ ಸುಮಾರು 10 ಸಾವಿರ ಕೋಟಿ ನ್ಯೂಟ್ರೋಫಿಲ್ ತಯಾರಾಗುತ್ತವೆ, ದಾಸ್ತಾನೂ ಇರುತ್ತದೆ. ಚೀಟಿ ಬಂದರೆ ದಾಸ್ತಾನು ರಕ್ತಕ್ಕೆ ಇಳಿಯುತ್ತದೆ, ತುಂಬಾ ಅವಸರವಾದರೆ ಅರೆಬಲಿತವೂ ಬರುತ್ತವೆ. ರಿಪೋರ್ಟ್‌ನಲ್ಲಿ ‘ಬ್ಯಾಂಡ್’ ಅಂತ ಇರುವುದು ಅವೇ. ಇಂಟರ್‌ಲ್ಯೂಕಿನ್-6 ಲಿವರಿಗೆ ಹೋಗಿ ಸಿಆರ್‌ಪಿ ಅನ್ನುವ, ಉರಿಯೂತ ಇದ್ದಾಗ ಏರುವ ಪ್ರೋಟೀನ್ ಮಾಡಿಸುತ್ತದೆ, ಅದಕ್ಕೇ ಡಾಕ್ಟರು ಎರಡೂ ಟೆಸ್ಟ್ ಒಟ್ಟಿಗೆ ಬರೆಯುವುದು. ಜ್ವರ ಬರಿಸುವುದೂ ಇವೇ ಸೈಟೊಕೈನ್‌ಗಳು.

ಆದರೆ ಏರಿದ್ದೆಲ್ಲ ಸೋಂಕಲ್ಲ. ರಕ್ತನಾಳದೊಳಗಿನ ನ್ಯೂಟ್ರೋಫಿಲ್‌ಗಳಲ್ಲಿ ಹತ್ತಿರಹತ್ತಿರ ಅರ್ಧ ಗೋಡೆಗೆ ಒರಗಿಕೊಂಡೇ ಇರುತ್ತವೆ, ಎಣಿಕೆಗೆ ಸಿಗುವುದಿಲ್ಲ. ಮೆಟ್ರೋದಿಂದ ಇಳಿದು ಓಡಿ ಲ್ಯಾಬಿಗೆ ಹೋದಿರಿ ಅನ್ನಿ, ಅವು ಗೋಡೆ ಬಿಟ್ಟು ಬರುತ್ತವೆ, ನಂಬರ್ ಏರುತ್ತದೆ. ಅದಕ್ಕೇ ರಕ್ತ ಕೊಡುವ ಮುಂಚೆ ಸ್ವಲ್ಪ ಹೊತ್ತು ಕೂತಿರಿ. ಆಸ್ತಮಾಗೆ ಅಂತ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದರೆ ಡಾಕ್ಟರಿಗೆ ಹೇಳಲೇಬೇಕು, ಅದೂ ಏರಿಸುತ್ತದೆ.

ನಿಜವಾಗಿ ಹೆದರಬೇಕಾದ್ದು ಏರಿಕೆಗಿಂತ ಇಳಿಕೆಗೆ ಅಂತ ನನ್ನ ಅನಿಸಿಕೆ. 1,500ಕ್ಕಿಂತ ಕಡಿಮೆ ಇದ್ದರೆ ಡಾಕ್ಟರನ್ನು ಕಾಣಿ. 500ಕ್ಕಿಂತ ಕಡಿಮೆ, ಜೊತೆಗೆ ಜ್ವರ ಅಂದರೆ ಬೆಳಗಾಗುವ ತನಕ ಕಾಯದೆ ಆಸ್ಪತ್ರೆಗೆ ಹೊರಡಿ. ಕೀಮೋ ಆದವರಿಗೆ ಕೊಡುವ ಫಿಲ್‌ಗ್ರಾಸ್ಟಿಮ್ ಇಂಜೆಕ್ಷನ್ ಇದೆಯಲ್ಲ, ಅದು ಫ್ಯಾಕ್ಟರಿಯಲ್ಲಿ ಮಾಡಿದ ಜಿ-ಸಿಎಸ್‌ಎಫೇ.

ನನ್ನ ಬೆರಳನ್ನು ಕೊಯ್ದು ಕೀವು ತೆಗೆದರು, ಆಂಟಿಬಯಾಟಿಕ್ ಕೊಟ್ಟರು. ಕೆಲಸ ಮುಗಿದ ನ್ಯೂಟ್ರೋಫಿಲ್‌ಗಳನ್ನು ಮ್ಯಾಕ್ರೋಫೇಜ್‌ಗಳು ನುಂಗಿ, ಇಂಟರ್‌ಲ್ಯೂಕಿನ್-10 ಅನ್ನುವ ‘ಸಾಕು’ ಚೀಟಿ ಬಿಡುತ್ತವೆ. ಎಂಟನೇ ದಿನದ ರಿಪೋರ್ಟ್‌ನಲ್ಲಿ ಶೇ 58. ಕೀವಿನ ಜೊತೆ ಹೊರಬಂದ ಮುಳ್ಳಿನ ತುದಿ ಅರ್ಧ ಅಕ್ಕಿಕಾಳಿನಷ್ಟೂ ಇರಲಿಲ್ಲ.