ಪಕ್ಕದ ಮನೆ ಬೀಳದ ಹಾಗೆ ಹಳೇ ಮನೆ ಕೆಡವುವುದು ಹೇಗೆ?

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಿಂದ ಒಳಗೆ ತಿರುಗಿದರೆ ನಮ್ಮ ಓಣಿ. ನಾನು ಚಿಕ್ಕವನಿದ್ದಾಗ ಇಲ್ಲಿ ಹನ್ನೊಂದು ಹೆಂಚಿನ ಮನೆಗಳಿದ್ದವು, ಒಂದರ ಹೆಗಲಿಗೆ ಇನ್ನೊಂದು ಒರಗಿಕೊಂಡು. ಈಗ ಐದಿವೆ. ಹೋದ ಆರರಲ್ಲಿ ಎರಡು ಕಾಂಪ್ಲೆಕ್ಸ್ ಆದವು. ನಾಲ್ಕು ಬರೀ ಜಲ್ಲಿ ಹಾಕಿದ ಪಾರ್ಕಿಂಗ್ ಜಾಗ.

ಕಾರಣ ಎಲ್ಲರಿಗೂ ಗೊತ್ತು. ಶನಿವಾರ ಬಂತು ಅಂದರೆ ಮುಳ್ಳಯ್ಯನಗಿರಿ, ದತ್ತಪೀಠ ಅಂತ ಬರುವ ಕಾರುಗಳಿಗೆ ಊರೊಳಗೆ ನಿಲ್ಲಲು ಜಾಗ ಇಲ್ಲ. ಸೋರುವ ಮನೆಯ ಬಾಡಿಗೆಗಿಂತ ಖಾಲಿ ಸೈಟೇ ವಾಸಿ ಅಂತ ಮಾಲೀಕರಿಗೆ ಅನ್ನಿಸುತ್ತದೆ. ಕೆಡವಬೇಡಿ ಅಂತ ನಾನು ಬರೆಯುತ್ತಿಲ್ಲ. ಬರೆದರೂ ಯಾರು ಕೇಳುತ್ತಾರೆ? ಆದರೆ ಕೆಡವುವುದಕ್ಕೂ ಒಂದು ರೀತಿ ಇದೆ.

ನಾಲ್ಕು ವರ್ಷದ ಹಿಂದೆ ನಮ್ಮ ಪಕ್ಕದ ಮನೆಯನ್ನು ಜೆಸಿಬಿ ಒಂದೂವರೆ ದಿನದಲ್ಲಿ ಮಲಗಿಸಿತು. ಅದೇ ಆಷಾಢದಲ್ಲಿ ನಮ್ಮ ಅಡುಗೆಮನೆ ಗೋಡೆಯೂ ಮಲಗಿತು. ಪುಣ್ಯಕ್ಕೆ ರಾತ್ರಿ ಹೊತ್ತು, ಒಲೆ ಮುಂದೆ ಯಾರೂ ಇರಲಿಲ್ಲ. ಆವತ್ತಿನಿಂದ ಯಾರ ಮನೆ ಕೆಡವಿದರೂ ಹೋಗಿ ನಿಂತು ನೋಡುವುದು ನನಗೆ ಚಟವಾಗಿದೆ. ಹೆಚ್ಚಿನವರು ಎಡವುವುದು ಒಂದೇ ಕಡೆ. ಅದು ನಾಲ್ಕನೇ ಹಂತ. ಮೊದಲಿನ ಮೂರನ್ನು ಬೇಗ ಮುಗಿಸೋಣ.

ಹಂತ 1: ಕಾಗದ

ಖಾತೆ, ಕಂದಾಯ ಸರಿಯಿರಲಿ. ಅಣ್ಣತಮ್ಮಂದಿರ ಪಾಲು ಇದ್ದರೆ ಎಲ್ಲರ ಸಹಿ ಬೇಕು. ನಗರಸಭೆಗೆ ಅರ್ಜಿ ಕೊಟ್ಟು ಅನುಮತಿಯನ್ನು ಬರಹದಲ್ಲೇ ಪಡೆಯಿರಿ. ಮುಂದೆ ಪಾರ್ಕಿಂಗ್ ಮಾಡುವುದಾದರೆ ಅದಕ್ಕೆ ಬೇರೆ ಏನು ಬೇಕು ಅಂತಲೂ ಆಗಲೇ ಕೇಳಿ. ಕರೆಂಟಿನ ಮೆಸ್ಕಾಂಗೆ ಹೇಳಿ ಕಂಬದಿಂದ ಬರುವ ತಂತಿಯನ್ನೇ ಬಿಡಿಸಿ. ಬರೀ ಮೀಟರ್ ಪಕ್ಕದ ಸ್ವಿಚ್ ಆರಿಸಿದರೆ ಸಾಲದು. ನಲ್ಲಿ ನೀರಿನ ಲೈನನ್ನೂ ರಸ್ತೆಯ ಬಳಿಯೇ ಮುಚ್ಚಿಸಿ.

ಇನ್ನೊಂದು ಕೆಲಸ ಇದೆ, ಯಾರೂ ಮಾಡುವುದಿಲ್ಲ. ಪಕ್ಕದ ಎರಡೂ ಮನೆಗಳ ಒಳಗೆ ಹೋಗಿ, ಅವರೆದುರೇ ಗೋಡೆಗಳ ಫೋಟೋ ತೆಗೆಯಿರಿ. ಇರುವ ಬಿರುಕುಗಳೆಲ್ಲ ತಾರೀಕಿನ ಸಮೇತ ಸಿಗಲಿ. ನಾಳೆ ಜಗಳ ಬಂದರೆ ಇಬ್ಬರಿಗೂ ಅದೇ ಸಾಕ್ಷಿ.

ಹಂತ 2: ಕಾಲ

ಫೆಬ್ರವರಿಯಲ್ಲಿ ಶುರು ಮಾಡಿ. ಅದಕ್ಕೂ ಮುಂಚೆ ಆಳು ಸಿಗುವುದು ಕಷ್ಟ, ಅರೇಬಿಕಾ ಕೊಯ್ಲಿಗೆ ಎಲ್ಲರೂ ತೋಟದಲ್ಲಿರುತ್ತಾರೆ. ತಡ ಮಾಡಿದರೆ ಕಾಫಿ ಹೂ ಅರಳಿಸುವ ಹೂಮಳೆ ಹಿಡಿಯುತ್ತದೆ. ತೋಟಕ್ಕೆ ಒಳ್ಳೆಯದು, ಸೂರು ತೆಗೆದ ಮಣ್ಣಿನ ಗೋಡೆಗೆ ಅಲ್ಲ. ಮೇ ತಿಂಗಳಲ್ಲಿ ಕೆಡವುತ್ತೇನೆ ಅನ್ನುವವರಿಗೆ ನನ್ನ ಸಲಹೆ ಒಂದೇ: ಮುಂದಿನ ವರ್ಷಕ್ಕೆ ಹಾಕಿ.

ಹಂತ 3: ಮೇಲಿನಿಂದ ಕೆಳಗೆ

ಮನೆ ಕಟ್ಟಿದ್ದು ಕೆಳಗಿನಿಂದ ಮೇಲಕ್ಕೆ, ಬಿಚ್ಚಬೇಕಾದ್ದು ಮೇಲಿನಿಂದ ಕೆಳಕ್ಕೆ. ಕಟ್ಟಡ ಕೆಡವುವ ಸುರಕ್ಷತೆಗೆ ಅಂತ ಐಎಸ್ 4130 ಅನ್ನುವ ಭಾರತೀಯ ಮಾನಕ ಇದೆ. ಅದು ಹೇಳುವುದೂ ಇದನ್ನೇ.

ಮೊದಲು ನೆತ್ತಿಯ ಹೆಂಚು, ಆಮೇಲೆ ಇಳಿಜಾರಿನವು. ಎರಡೂ ಕಡೆಯಿಂದ ಸಮನಾಗಿ ತೆಗೆಯಿರಿ. ಒಂದು ಚದರಕ್ಕೆ, ಅಂದರೆ ನೂರು ಚದರಡಿಗೆ, ಸುಮಾರು 150 ಮಂಗಳೂರು ಹೆಂಚು ಕೂರುತ್ತವೆ, ಒಂದೊಂದೂ ಎರಡು ಕೆ.ಜಿ.ಗಿಂತ ಜಾಸ್ತಿ ತೂಗುತ್ತದೆ. ಒಂದು ಪಕ್ಕ ಪೂರ್ತಿ ಖಾಲಿ ಮಾಡಿದರೆ ಆ ಭಾರವೆಲ್ಲ ಇನ್ನೊಂದು ಪಕ್ಕಕ್ಕೆ ವಾಲುತ್ತದೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಘಟ್ಟ ಹತ್ತಿ ಬಂದ ಹೆಂಚು ಇದು. ಹಳೆಯದರ ಬೆನ್ನ ಮೇಲೆ ಕಾರ್ಖಾನೆಯ ಅಚ್ಚು ಇರುತ್ತದೆ. ಬೆರಳಿನಿಂದ ತಟ್ಟಿ ನೋಡಿ. ಠಣ್ ಅಂದರೆ ಎತ್ತಿಡಿ, ಡಬ್ ಅಂದರೆ ಬಿಡಿ.

ಆಮೇಲೆ ಹೆಂಚು ಕೂರುವ ರೀಪು, ಅದನ್ನು ಹೊರುವ ಪಕಾಸಿ, ಬಾಗಿಲು, ಕಿಟಕಿ. ತೇಗ, ಬೀಟೆ ಇದ್ದರೆ ಬೇರೆ ಕಡೆ ಸಾಗಿಸುವ ಮುಂಚೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. 'ಮರ ನಮಗೆ ಬಿಡಿ, ಕೆಡವುವುದು ಫ್ರೀ' ಅನ್ನುವ ಗುತ್ತಿಗೆದಾರರನ್ನು ಗೇಟಿನಲ್ಲೇ ಕಳಿಸಿ. ಅವರ ಕಣ್ಣು ತೊಲೆಯ ಮೇಲೆ, ನಿಮ್ಮ ಪಕ್ಕದವರ ಗೋಡೆಯ ಮೇಲಲ್ಲ. ಹಿಂದುಗಡೆ ಸಿಮೆಂಟ್ ಶೀಟಿನ ಬಚ್ಚಲಮನೆ ಇದ್ದರೆ ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ನೀರು ಚಿಮುಕಿಸಿ, ಒಡೆಯದೆ ಇಡೀ ಶೀಟು ಇಳಿಸಿ.

ಹಂತ 4: ಜಂಟಿ ಗೋಡೆ

ಇಲ್ಲಿ ನಿಧಾನ ಮಾಡಿ.

ಹಳೇ ಓಣಿಗಳಲ್ಲಿ ಎರಡು ಮನೆಗೆ ಒಂದೇ ಗೋಡೆ ಇರುವುದು ಮಾಮೂಲು. ಅದು ಯಾರದು ಅಂತ ಪತ್ರದಲ್ಲಿ ಹುಡುಕುವ ಮೊದಲು ಅಟ್ಟ ಹತ್ತಿ. ನಿಮ್ಮ ಅಟ್ಟ ಅಲ್ಲ, ಪಕ್ಕದವರ ಅಟ್ಟ. ಟಾರ್ಚ್ ಬಿಟ್ಟು ಅವರ ತೊಲೆಯ ತುದಿ ಎಲ್ಲಿ ಹೋಗಿ ಕೂತಿದೆ ನೋಡಿ. ಆ ಗೋಡೆಯೊಳಗೆ ಹೊಕ್ಕಿದ್ದರೆ ಅವರ ಸೂರು ನಿಂತಿರುವುದೇ ಅದರ ಮೇಲೆ. ಕಾಗದದಲ್ಲಿ ಅದು ನಿಮ್ಮ ಗೋಡೆಯೇ ಆಗಿದ್ದರೂ ಮುಟ್ಟುವ ಹಾಗಿಲ್ಲ. ಎರಡು ಬೇರೆ ಗೋಡೆಗಳಿದ್ದು ನಡುವೆ ಸಂದಿ ಇದ್ದರೆ ನಿಮ್ಮ ಅದೃಷ್ಟ.

ನಿಮ್ಮ ತೊಲೆಯೂ ಅದೇ ಗೋಡೆಯೊಳಗೆ ಇರುತ್ತದಲ್ಲ, ಅದನ್ನು ಹಗ್ಗ ಕಟ್ಟಿ ಎಳೆಯಬಾರದು. ಎಳೆದರೆ ಗೋಡೆಯ ತಲೆಯೂ ಜೊತೆಗೆ ಬರುತ್ತದೆ. ನಮ್ಮಲ್ಲಿ ಆಗಿದ್ದು ಅದೇ. ಗೋಡೆಯಿಂದ ಒಂದು ಗೇಣು ಬಿಟ್ಟು ತೊಲೆಯನ್ನು ಗರಗಸದಲ್ಲಿ ಕೊಯ್ಯಿರಿ. ಉಳಿದ ಮೋಟನ್ನು ಒಂದೊಂದಾಗಿ ಅಲುಗಾಡಿಸಿ ತೆಗೆದು, ಆ ತೂತಿಗೆ ಅದೇ ದಿನ ಇಟ್ಟಿಗೆ, ಸುಣ್ಣದ ಗಾರೆ ತುಂಬಿ. ಒಂದು ತೂತು ಮುಚ್ಚುವ ತನಕ ಇನ್ನೊಂದು ತೆಗೆಯಬೇಡಿ.

ಇನ್ನು ಅಡ್ಡಗೋಡೆಗಳು. ನಡುಮನೆಗೂ ಕೋಣೆಗೂ ನಡುವೆ ಇದ್ದ ಗೋಡೆ ಇಷ್ಟು ವರ್ಷ ಜಂಟಿ ಗೋಡೆಯನ್ನು ಹಿಡಿದು ನಿಲ್ಲಿಸಿತ್ತು. ಅದನ್ನು ಬುಡಸಮೇತ ತೆಗೆದರೆ ಹತ್ತಡಿ ಎತ್ತರದ ಮಣ್ಣಿನ ಗೋಡೆ ಒಂಟಿಯಾಗಿ ಗಾಳಿಗೆ ನಿಲ್ಲುತ್ತದೆ. ಅದಕ್ಕೇ ಪ್ರತಿ ಅಡ್ಡಗೋಡೆಯನ್ನೂ ಮೂರು ನಾಲ್ಕು ಅಡಿ ಉದ್ದಕ್ಕೆ ಉಳಿಸಿ, ಮೇಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ. ಒಂದು ಕಾರಿನ ಜಾಗ ಹೋಗುತ್ತದೆ ಅಂತ ಗೊಣಗಬೇಡಿ. ಅಷ್ಟೂ ಸಾಲದು ಅನ್ನಿಸಿದರೆ ನೀಲಗಿರಿ ಕಂಬದ ಆಸರೆ ಕೊಡಿ. ಕಂಬದ ಬುಡಕ್ಕೆ ಹಲಗೆ ಹಾಸಿ, ನೆಲದಿಂದ 60ರಿಂದ 70 ಡಿಗ್ರಿ ಓರೆಯಾಗಿ ನಿಲ್ಲಿಸಿ. ತೋಟದಲ್ಲಿ ಬಿಟ್ಟಿ ಸಿಗುತ್ತದೆ ಅಂತ ಎಳೆ ಸಿಲ್ವರ್ ಓಕ್ ತರುತ್ತಾರೆ. ಬೇಡ, ಬಾಗುತ್ತದೆ.

ಗಾಜಿನ ಉಪಾಯ ಇಲ್ಲಿ ಹೇಳಬೇಕು. ಫೋಟೋಗೆ ಕಟ್ಟು ಹಾಕುವ ಅಂಗಡಿಯಲ್ಲಿ ಉಳಿಕೆ ಗಾಜು ಕೇಳಿ, ಒಂದು ಇಂಚು ಅಗಲ, ಆರು ಇಂಚು ಉದ್ದದ ಪಟ್ಟಿ ಮಾಡಿಸಿ. ಬಿರುಕಿಗೆ ಅಡ್ಡಲಾಗಿ ಇಟ್ಟು ಎರಡು ತುದಿಗೂ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿ. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ತಾರೀಕು ಬರೆಯಿರಿ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ, ನಿಮಗಿಂತ ಮೊದಲು ಅದಕ್ಕೆ ಗೊತ್ತಾಗುತ್ತದೆ. ಒಡೆದ ದಿನ ಕೆಲಸ ನಿಲ್ಲಿಸಿ ಎಂಜಿನಿಯರ್ ಕರೆಸಿ.

ಈ ಬದಿ ಕೆಡವಿ ಆಯಿತು. ಈಗ ಜಂಟಿ ಗೋಡೆಯ ಒಳಮುಖ ಬೀದಿಗೆ ಕಾಣುತ್ತದೆ. ದೀಪದ ಗೂಡಿನ ಮಸಿ, ಕ್ಯಾಲೆಂಡರಿನ ಮೊಳೆ, ದೇವರಕೋಣೆಯ ಅರಿಸಿನದ ಕೈಗುರುತು, ಅರ್ಧ ಎತ್ತರಕ್ಕೆ ಹಸಿರು ಆಯಿಲ್ ಪೇಂಟ್. ನೋಡಲು ಒಂಥರಾ ಆಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಈ ಮುಖ ಹುಟ್ಟಿದಾಗಿನಿಂದ ಮಳೆ ಕಂಡಿಲ್ಲ. ನಮ್ಮ ಪಟ್ಟಣದಲ್ಲಿ ಕೊಪ್ಪ, ಶೃಂಗೇರಿಯಷ್ಟು ಮಳೆ ಇಲ್ಲ, ನಿಜ. ಆದರೆ ಪಡುವಣ ಗಾಳಿ ಬೀಸಿದಾಗ ಎರಚಲು ಅಡ್ಡಡ್ಡ ಹೊಡೆಯುತ್ತದೆ. ಮಣ್ಣಿನ ಗೋಡೆ ಅದನ್ನು ಹೀರಿ, ಉಬ್ಬಿ, ಬುಡದಲ್ಲಿ ಕರಗುತ್ತದೆ.

ಎಲ್ಲರೂ ಮಾಡುವ ತಪ್ಪು ಸಿಮೆಂಟ್ ಪ್ಲಾಸ್ಟರ್. ಮಣ್ಣಿನ ಗೋಡೆಗೆ ಸಿಮೆಂಟ್ ಹೊಡೆದರೆ ಒಳಗಿನ ತೇವ ಹೊರಗೆ ಬರುವುದಿಲ್ಲ. ಎರಡು ಮಳೆಗಾಲಕ್ಕೆ ದೋಸೆಯ ಹಾಗೆ ಎದ್ದು ಬರುತ್ತದೆ, ಬರುವಾಗ ಮಣ್ಣನ್ನೂ ಕಿತ್ತು ತರುತ್ತದೆ. ಅದರ ಮೇಲೆ ವಾಟರ್‌ಪ್ರೂಫ್ ಪೇಂಟ್ ಬಳಿಯುವುದು ಇನ್ನೊಂದು ದಂಡ. ಕೆಡವಿದ ಗೋಡೆಯ ಒಳ್ಳೆ ಮಣ್ಣನ್ನೇ ಜರಡಿ ಹಿಡಿದು, ಸುಣ್ಣ, ಮರಳು ಸೇರಿಸಿ ಗಿಲಾವು ಮಾಡಿಸಿ. ಅದರ ಮುಂದೆ ಎರಡು ಇಂಚು ಗಾಳಿಯಾಡುವ ಸಂದಿ ಬಿಟ್ಟು ತಗಡಿನ ಶೀಟು ನಿಲ್ಲಿಸಿ. ಮಲೆನಾಡಿನ ಹಳೇ ಮನೆಗಳಿಗೆ ಮಳೆಗಾಲದಲ್ಲಿ ಸೋಗೆ ತಟ್ಟಿ ಕಟ್ಟುತ್ತಿದ್ದರಲ್ವಾ, ಅದೇ ಲೆಕ್ಕ. ನೀಲಿ ಟಾರ್ಪಲ್ ಮಾತ್ರ ಬೇಡ. ತೆಳ್ಳನೆಯದು ಒಂದು ಗಾಳಿಗೆ ಹರಿದು, ರಾತ್ರಿಯೆಲ್ಲ ಪಟಪಟ ಅಂತ ನಿದ್ದೆ ಕೆಡಿಸುತ್ತದೆ.

ಗೋಡೆಯ ತಲೆಯ ಮೇಲೆ ಎತ್ತಿಟ್ಟ ಹೆಂಚನ್ನೇ ಎರಡೂ ಕಡೆ ಇಳಿಜಾರಾಗಿ ಕೂರಿಸಿ, ಮೂರು ಇಂಚು ಹೊರಗೆ ಚಾಚಿರಲಿ. ಬುಡದಲ್ಲಿ ಮೂರಡಿ ಅಗಲಕ್ಕೆ ಹಳೇ ನೆಲದ ಹಾಸುಗಲ್ಲನ್ನು ಕೀಳದೆ ಬಿಡಿ. ಈ ಮೂರಡಿ ಒಳಗೆ ಜೆಸಿಬಿಯ ಹಲ್ಲು ಬರಕೂಡದು.

ಹಂತ 5: ಜೆಸಿಬಿ

ಈಗ ಕರೆಸಿ. ಜಂಟಿ ಗೋಡೆಯನ್ನೂ ಅದಕ್ಕೆ ಉಳಿಸಿದ ಅಡ್ಡಗೋಡೆಯ ತುಂಡುಗಳನ್ನೂ ಬಿಟ್ಟು, ನೀರು ಚಿಮುಕಿಸುತ್ತಾ ಮಿಕ್ಕ ಗೋಡೆ, ತಳಪಾಯ ತೆಗೆಸಿ. ಇಟ್ಟಿಗೆ, ಮಣ್ಣು, ಮರ, ಕಬ್ಬಿಣ ಬೇರೆ ಬೇರೆ ರಾಶಿ ಮಾಡಿ, ನಗರಸಭೆ ತೋರಿಸಿದ ಜಾಗಕ್ಕೇ ಸಾಗಿಸಿ. ರಾತ್ರಿ ಹೊತ್ತು ಕೆರೆಯ ಅಂಚಿಗೆ ಸುರಿದು ಬರುವ ಟಿಪ್ಪರ್‌ನವರಿಗೆ ಗುತ್ತಿಗೆ ಕೊಡಬೇಡಿ. ಸಿಕ್ಕಿಬಿದ್ದರೆ ಹೊರಗೆ ಬರುವುದು ನಿಮ್ಮ ಹೆಸರು.

ಹಂತ 6: ಬಾವಿ, ಗುಂಡಿ

ಹಿತ್ತಿಲಲ್ಲಿ ಬಾವಿ ಇತ್ತೇ, ಕಕ್ಕಸು ಗುಂಡಿ ಎಲ್ಲಿತ್ತು ಅಂತ ಓಣಿಯ ಹಿರಿಯರೊಬ್ಬರನ್ನು ಕರೆದು ಕೇಳಿ. ನಮ್ಮ ಓಣಿಯ ಒಂದು ಪಾರ್ಕಿಂಗ್‌ನಲ್ಲಿ ಕಾರಿನ ಹಿಂದಿನ ಚಕ್ರ ಅಚ್ಚಿನವರೆಗೂ ಹೂತು ಹೋಗಿತ್ತು. ಕೆಳಗೆ ಚಪ್ಪಡಿ ಮುಚ್ಚಿದ ಹಳೇ ಗುಂಡಿ. ಎದುರು ಮನೆ ಅಜ್ಜಿ ಜಗಲಿ ಮೇಲೆ ಕೂತು, 'ನನ್ನ ಕೇಳಿದ್ದರೆ ಹೇಳುತ್ತಿದ್ದೆ' ಅಂದರು. ಅಜ್ಜಿ ಇಲ್ಲದಿದ್ದರೆ ಹಾರೆ ತಗೊಂಡು ಮೂರಡಿಗೆ ಒಂದರಂತೆ ಚುಚ್ಚುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆ ಅಗೆಯಿರಿ.

ಗುಂಡಿ ಸಿಕ್ಕರೆ ಖಾಲಿ ಮಾಡಿಸಿ, ತಳಕ್ಕೆ ದಪ್ಪ ಕಲ್ಲು, ಮೇಲೆ ಸಣ್ಣದು, ಒಂದೊಂದು ಪದರಕ್ಕೂ ನೀರು ಹಾಕಿ ದಮ್ಮಸ್ ಹೊಡೆಸಿ. ಬಾವಿಯನ್ನು ಮಾತ್ರ ದಯವಿಟ್ಟು ಕಸ ತುಂಬಿ ಮುಚ್ಚಬೇಡಿ. ಕಟ್ಟೆ ಉಳಿಸಿ, ಗಟ್ಟಿ ಸರಳು ಹಾಕಿಸಿ.

ಹಂತ 7: ನೆಲ

ಮೊದಲು ಸೂರಿನಿಂದ ಅದರ ಅಂಚಿನ ದೋಣಿಗೆ, ದೋಣಿಯಿಂದ ಚರಂಡಿಗೆ ಹೋಗುತ್ತಿದ್ದ ನೀರು ಈಗ ಎಲ್ಲಿಗೆ ಹೋಗಬೇಕು? ನೀವು ಹೇಳದಿದ್ದರೆ ಪಕ್ಕದವರ ಗೋಡೆ ಬುಡಕ್ಕೆ. ಹತ್ತಡಿಗೆ ಎರಡು ಇಂಚಿನಂತೆ ಇಳಿಜಾರು ಕೊಡಿ, ಗೋಡೆಯಿಂದ ದೂರಕ್ಕೆ, ರಸ್ತೆ ಚರಂಡಿಯ ಕಡೆಗೆ. ಮಣ್ಣು ರೋಲರ್ ಹೊಡೆಸಿ, ಮೇಲೆ ಆರು ಇಂಚು 40 ಎಂ.ಎಂ. ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ಕ್ರಷರ್ ಪುಡಿ. ಕಾಂಕ್ರೀಟ್ ಬೇಡ ಅನ್ನುವುದು ನನ್ನ ಹಟ. ನೀರು ಇಂಗುವುದಿಲ್ಲ, ನಾಳೆ ಮನೆ ಕಟ್ಟುವಾಗ ಒಡೆಯುವ ಖರ್ಚು ಬೇರೆ. ಅಗ್ಗದ ಪೇವರ್ ಬ್ಲಾಕ್ ಇನ್ನೂ ಕೆಟ್ಟದ್ದು. ಟಿಟಿ (ಟೆಂಪೋ ಟ್ರಾವೆಲರ್) ಹತ್ತಿದರೆ ಮೂಲೆ ಮುರಿಯುತ್ತದೆ.

ಹಂತ 8: ಗೆರೆ

30-40 ಅಡಿ ಸೈಟಿಗೆ ಒಂಬತ್ತು ಕಾರು ಅಂತ ಮಾಲೀಕರು ಲೆಕ್ಕ ಹಾಕುತ್ತಾರೆ. ಒಂದು ಕಾರು ನಿಲ್ಲಲು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಬೇಕು ನಿಜ. ಆದರೆ ಅದು ಒಳಗೆ ಬಂದು ತಿರುಗಬೇಕಲ್ಲ? ಓಡಾಡುವ ಜಾಗ ಸೇರಿದರೆ ಒಂದಕ್ಕೆ ಸುಮಾರು 23 ಚದರ ಮೀಟರ್ ಬೇಕು. ನಿಮ್ಮ ಸೈಟು ಇರುವುದೇ 111. ಅಂದರೆ ನಾಲ್ಕು ಕಾರು, ಮೂಲೆಯಲ್ಲಿ ಒಂದಷ್ಟು ಬೈಕು. ಈ ಲೆಕ್ಕ ಮನೆ ಕೆಡವುವ ಮೊದಲೇ ಹಾಕಿದ್ದರೆ ಒಳ್ಳೆಯದಿತ್ತು. ಚಕ್ರ ತಡೆಯಲು ಹಳೇ ಮನೆಯ ಕಲ್ಲಿನ ಹೊಸ್ತಿಲು, ಮೆಟ್ಟಿಲು ಸಾಕು. ಜಂಟಿ ಗೋಡೆಯ ಆ ಮೂರಡಿ ಆಚೆಗೇ ಇಡಿ.

ಹಂತ 9: ಮೊದಲ ಮಳೆ

ಜೂನ್‌ನಲ್ಲಿ ಜೋರು ಮಳೆ ಬಂದ ದಿನ ಛತ್ರಿ ಹಿಡಿದು ಸೈಟಿಗೆ ಹೋಗಿ. ನೀರು ನಿಂತ ಕಡೆ ಗೂಟ ಹೊಡೆದು ಗುರುತು ಮಾಡಿ, ಮಾರನೇ ದಿನ ಜಲ್ಲಿ ತುಂಬಿ. ಆಮೇಲೆ ಪಕ್ಕದವರ ಬಾಗಿಲು ತಟ್ಟಿ, ಗಾಜು ನೋಡಬೇಕಿತ್ತು ಅನ್ನಿ. ಕಾಫಿ ಕೊಟ್ಟೇ ಕೊಡುತ್ತಾರೆ.

ನಮ್ಮ ಹೊಸ ಅಡುಗೆಮನೆಯ ಸುತ್ತ ನಾನು ಅಂಟಿಸಿದ್ದು ಮೂರು. ಎರಡು ಹಾಗೇ ಇವೆ. ಕಿಟಕಿ ಮೇಲಿನದು ಹೋದ ಪುಷ್ಯ ಮಳೆಯಲ್ಲಿ ಕೂದಲೆಳೆಯಷ್ಟು ಸೀಳಿತು. ಕೆಳಗೆ ತಾರೀಕು ಬರೆದು ಇನ್ನೊಂದು ಅಂಟಿಸಿದ್ದೇನೆ.