ಹಳೇ ತೊಲೆಗೊಂದು ದೀಪ ಕಟ್ಟುವುದು ಹೇಗೆ?

ಅಜ್ಜನ ಮನೆ ಕೆಡವಿದಾಗ ಬಾಗಿಲು, ಕಿಟಕಿಗಳನ್ನು ಕೊಳ್ಳಲು ಜನ ಸಾಲುಗಟ್ಟಿದ್ದರು. ಮುರಿದ ತೊಲೆಗಳನ್ನು ಮಾತ್ರ ಯಾರೂ ಕೇಳಲಿಲ್ಲ. ಅವು ಬಚ್ಚಲೊಲೆಗೆ ಹೋಗುವುದರಲ್ಲಿದ್ದವು. ಮೂರು ಅಡಿಯ ಒಂದು ಹಲಸಿನ ತುಂಡನ್ನು ಕಾರಿನ ಡಿಕ್ಕಿಗೆ ಹಾಕಿಕೊಂಡು ಬಂದೆ. ಈಗ ಅದು ನಮ್ಮ ಊಟದ ಮೇಜಿನ ಮೇಲೆ ದೀಪವಾಗಿ ತೂಗುತ್ತಿದೆ. ನೀವೂ ಮಾಡಬಹುದು. ಎರಡು ವಾರಾಂತ್ಯ ಸಾಕು. ಒಂದೇ ಒಂದು ಷರತ್ತು: ಮರಕ್ಕೆ ಎಷ್ಟು ಬೇಕೋ ಅಷ್ಟೇ ಕೈ ಹಾಕಬೇಕು.

ಮರ ಆರಿಸುವುದು

ಊರಿನಲ್ಲಿ ಹಳೇ ಮನೆ ಇಲ್ಲದವರು ಹಳೇ ಮರ ಮಾರುವ ಅಂಗಡಿಗೆ ಹೋಗಿ. ಮರದ ವ್ಯಾಪಾರ ಸಿಎಫ್‌ಟಿ, ಅಂದರೆ ಘನ ಅಡಿ, ಲೆಕ್ಕದಲ್ಲಿ ನಡೆಯುತ್ತದೆ. ಉದ್ದ ಅಡಿಯಲ್ಲಿ, ಅಗಲ ಮತ್ತು ದಪ್ಪ ಇಂಚಿನಲ್ಲಿ. ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಆಯಿತು. 3 ಅಡಿ ಉದ್ದದ 4×4 ಇಂಚಿನ ತುಂಡು ಅಂದರೆ ಬರೀ 0.33 ಸಿಎಫ್‌ಟಿ. ಈ ಲೆಕ್ಕ ಗೊತ್ತಿದ್ದರೆ ‘ಒಂದು ಪೀಸಿಗೆ ಇಷ್ಟು’ ಅನ್ನುವವರ ಹತ್ತಿರ ಚೌಕಾಸಿ ಮಾಡುವುದು ಸುಲಭ.

ತೇಗವೇ ಬೇಕೆಂದು ಹಟ ಹಿಡಿಯಬೇಡಿ. ಹಲಸು ಹಗುರ, ಉಳಿಗೆ ಬಗ್ಗುತ್ತದೆ. ವೀಣೆ, ಮೃದಂಗಕ್ಕೆ ಆಗುವ ಮರ ದೀಪಕ್ಕೆ ಆಗದೇ ಇರುತ್ತದೆಯೇ? ಕೆಚ್ಚಿನ ಭಾಗ, ಅಂದರೆ ಮರದ ನಡುವಿನ ಗಟ್ಟಿ ತಿರುಳು, ಇರುವ ತುಂಡು ನೋಡಿ. ಅಂಚಿನ ಬಿಳಿ ಭಾಗಕ್ಕೆ ಹುಳ ಬೇಗ ಹಿಡಿಯುತ್ತದೆ. ತುಂಡನ್ನು ಬಿಳಿ ಬಟ್ಟೆಯ ಮೇಲೆ ಇಟ್ಟು ನಾಲ್ಕು ಸಲ ಜೋರಾಗಿ ತಟ್ಟಿ. ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಉದುರಿತೋ, ಮರ ಕೊರೆಯುವ ಕುಟ್ಟೆ ಹುಳ ಇನ್ನೂ ಒಳಗಿದೆ ಅಂತ ಅರ್ಥ. ಅದನ್ನು ಮನೆಗೆ ತರಬೇಡಿ. ತೂತು ಇದ್ದೂ ಪುಡಿ ಬೀಳದಿದ್ದರೆ ಅದು ಹಳೇ ಕಥೆಯೇ ಇರಬೇಕು. ಆದರೂ ಒಂದು ವಾರ ಕಾಗದದ ಮೇಲೆ ಇಟ್ಟು ಗಮನಿಸಿ.

ಮೊಳೆ, ಮಸಿ, ಬಣ್ಣ

ನಾನು ಮೊದಲ ಪೆಟ್ಟು ತಿಂದಿದ್ದು ಇಲ್ಲೇ. ಮೇಲೆ ಕಾಣುವ ಮೊಳೆಗಳನ್ನೆಲ್ಲ ಕಿತ್ತು, ಖುಷಿಯಿಂದ ಮರಗೆಲಸದ ಆಚಾರ್ರ ಹತ್ತಿರ ಕೊಂಡೊಯ್ದೆ. ಒಳಗೆ ಮುರಿದು ಕೂತಿದ್ದ ಒಂದು ಮೊಳೆ ಅವರ ಮೆಷಿನ್ನಿನ ಬ್ಲೇಡಿನ ಹಲ್ಲು ಹಾರಿಸಿತು. ಬ್ಲೇಡಿನ ದುಡ್ಡು ಕೊಟ್ಟೆ, ಬೈಗುಳ ಫ್ರೀಯಾಗಿ ಸಿಕ್ಕಿತು. ಆಮೇಲೆ ಅವರೇ ಉಪಾಯ ಹೇಳಿದರು. ಹಳೇ ಸ್ಪೀಕರಿನ ಆಯಸ್ಕಾಂತಕ್ಕೆ ದಾರ ಕಟ್ಟಿ, ತೊಲೆಯ ಮೇಲೆ ನಿಧಾನವಾಗಿ ತೇಲಿಸುತ್ತಾ ಹೋಗಬೇಕು. ಅದು ಎಲ್ಲಿ ವಾಲುತ್ತದೋ ಅಲ್ಲಿ ಕಬ್ಬಿಣ ಇದೆ. ಸೀಮೆಸುಣ್ಣದಲ್ಲಿ ಗುರುತು ಹಾಕಿ, ಸಣ್ಣ ಉಳಿಯಿಂದ ಸುತ್ತ ಕೆದಕಿ, ಇಕ್ಕಳದಲ್ಲಿ ಎಳೆಯಿರಿ.

ಇಲ್ಲಣ, ಮಸಿ, ಜೇಡರ ಬಲೆಗೆ ಒಣ ಬ್ರಷ್ ಸಾಕು. ಗಟ್ಟಿ ಕೊಳೆಗೆ ಹಿತ್ತಾಳೆ ತಂತಿಯ ಬ್ರಷ್. ಮರದ ಎಳೆಯ ದಿಕ್ಕಿನಲ್ಲೇ ಉಜ್ಜಿ, ಅಡ್ಡ ಉಜ್ಜಿದರೆ ಗೀರು ಉಳಿಯುತ್ತದೆ. ನೀರಿನಲ್ಲಿ ನೆನೆಸುವುದಂತೂ ಬೇಡವೇ ಬೇಡ.

ಹಳೇ ಎಣ್ಣೆಬಣ್ಣ ಹಚ್ಚಿದ ಮರವಾದರೆ ಜೋಪಾನ. ನಮ್ಮ ದೇಶದಲ್ಲಿ ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಎಂಬ ನಿಯಮ ಜಾರಿಗೆ ಬಂದಿದ್ದು 2017ರಲ್ಲಿ. ಅದಕ್ಕಿಂತ ಹಳೆಯ ಬಣ್ಣದಲ್ಲಿ ಎಷ್ಟಿದೆಯೋ ಯಾರು ಬಲ್ಲರು. ಅದನ್ನು ಒಣಗಿದ್ದಾಗ ಉಜ್ಜಿ ಧೂಳು ಎಬ್ಬಿಸಬೇಡಿ, ಮಕ್ಕಳಿರುವ ಮನೆಯಲ್ಲಿ ಅಂತೂ ಖಂಡಿತ ಬೇಡ. ಬಣ್ಣ ಬಳಿಯದ ತುಂಡು ಸಿಕ್ಕರೆ ಅದನ್ನೇ ತನ್ನಿ.

ಗ್ರೂವ್ ಹೊಡೆಸುವುದು

ದೀಪಕ್ಕೆ ಬಳಸುವುದು ಎಲ್‌ಇಡಿ ಸ್ಟ್ರಿಪ್, ಅಂದರೆ ಸಾಲಾಗಿ ಪುಟ್ಟ ದೀಪಗಳಿರುವ ಪಟ್ಟಿ. ಮೊದಲು ಅದನ್ನು ಕೂರಿಸುವ ಅಲ್ಯೂಮಿನಿಯಂ ಚಾನೆಲ್ ಕೊಳ್ಳಿ. ಆಮೇಲೆ ಅದನ್ನೇ ಆಚಾರ್ರ ಕೈಗೆ ಕೊಟ್ಟು, ಅದರ ಅಳತೆಗೆ ತೊಲೆಯ ಕೆಳಮುಖದಲ್ಲಿ ಉದ್ದಕ್ಕೂ ಗ್ರೂವ್, ಅಂದರೆ ಚಾನೆಲ್ ಕೂರುವಂಥ ಕಾಲುವೆ, ಹೊಡೆಸಿ. ಉಲ್ಟಾ ಮಾಡಿದರೆ ಅಷ್ಟಗಲದ ಚಾನೆಲ್ ಹುಡುಕುತ್ತಾ ಅಂಗಡಿ ಅಂಗಡಿ ಸುತ್ತಬೇಕಾಗುತ್ತದೆ. ತುದಿಯಲ್ಲಿ ಒಂದೊಂದು ಇಂಚು ಬಿಟ್ಟು ಗ್ರೂವ್ ನಿಲ್ಲಿಸಿದರೆ ಪಕ್ಕದಿಂದ ನೋಡುವವರಿಗೆ ಚಾನೆಲ್ ಕಾಣುವುದಿಲ್ಲ. ತಂತಿ ಹೋಗಲು ಒಂದು ತುದಿಯ ಹತ್ತಿರ ಮೇಲಿನಿಂದ ಗ್ರೂವಿಗೆ ಸಣ್ಣ ತೂತು.

ಆಚಾರ್ರು ‘ನಾಲ್ಕೂ ಕಡೆ ಕೀಸಿ ಹೊಸದು ಮಾಡಿಬಿಡ್ತೀನಿ ಸಾರ್’ ಅನ್ನುತ್ತಾರೆ. ಬೇಡ ಅನ್ನಿ. ಕೀಸಿದ ಹಲಸು ಬಾಳೆಹಣ್ಣಿನಷ್ಟು ಹಳದಿ ಆಗುತ್ತದೆ. ಹಳೇ ಕಂದು ಬಣ್ಣ ಇರುವುದು ಮೇಲ್ಪದರದಲ್ಲೇ, ಕೀಸುಳಿ ಒಂದು ಸಲ ಓಡಿದರೆ ಅದು ಹೋಯಿತು. ಜಂತೆ ಕೂಡಿಸಲು ಕೊರೆದ ಚೌಕ ತೂತು ಇದ್ದರೆ ಅದನ್ನೂ ಮುಚ್ಚಿಸಬೇಡಿ. ನಮ್ಮ ಮನೆಗೆ ಬಂದವರು ಮೊದಲು ಬೆರಳು ತೋರಿಸಿ ಕೇಳುವುದೇ ಆ ತೂತಿನ ಬಗ್ಗೆ.

ಉಜ್ಜುವುದು, ಎಣ್ಣೆ ಹಚ್ಚುವುದು

ಸಿಬಿರು ಚುಚ್ಚದಷ್ಟು ಉಜ್ಜಿದರೆ ಸಾಕು. ಅಂಚಿಗೆ 120 ನಂಬರಿನ ಸ್ಯಾಂಡ್ ಪೇಪರ್, ಆಮೇಲೆ ಎಲ್ಲಾ ಕಡೆ ಹಗುರಾಗಿ 220.

ಪಾಲಿಶ್ ಬದಲು ಅಂಗಡಿಯಲ್ಲಿ ಸಿಗುವ ಬಾಯ್ಲ್ಡ್ ಅಗಸೆ ಎಣ್ಣೆ ನನಗೆ ಇಷ್ಟ. ಹೊಳಪು ಹೊಡೆಯುವುದಿಲ್ಲ. ಮೊದಲ ಸಲ ಅರ್ಧಕ್ಕರ್ಧ ಟರ್ಪೆಂಟೈನ್ ಬೆರೆಸಿ ಬಟ್ಟೆಯಲ್ಲಿ ಹಚ್ಚಿ. 20 ನಿಮಿಷ ಬಿಟ್ಟು, ಮರ ಕುಡಿಯದೆ ಉಳಿದದ್ದನ್ನು ಒರೆಸಿ. ಒರೆಸದಿದ್ದರೆ ಅಂಟು ಅಂಟಾಗಿ ಧೂಳು ಕೂರುತ್ತದೆ. ಒಂದೊಂದು ದಿನ ಬಿಟ್ಟು ಇನ್ನೆರಡು ಸಲ ಹಚ್ಚಿ.

ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಆ ಬಿಸಿ ಸೇರಿಕೊಂಡು ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ಬಟ್ಟೆಯನ್ನು ಮನೆ ಹೊರಗೆ ಬಿಡಿಸಿ ಹರವಿ ಒಣಗಿಸಿ.

ದೀಪ ಕೂರಿಸಿ ತೂಗುಹಾಕುವುದು

12 ವೋಲ್ಟಿನ, ವಾರ್ಮ್ ವೈಟ್ (ಹಳದಿ ಛಾಯೆಯ ಬೆಳಕಿನ) ಸ್ಟ್ರಿಪ್ ತನ್ನಿ. ಪೊಟ್ಟಣದ ಮೇಲೆ 2700ರಿಂದ 3000 ಕೆ (ಕೆಲ್ವಿನ್, ಬೆಳಕಿನ ಬಣ್ಣದ ಅಳತೆ) ಅಂತ ಇರಬೇಕು. 6500 ಕೆ ತಂದರೆ ಅನ್ನ-ಸಾರು ಕೂಡ ಆಸ್ಪತ್ರೆ ಊಟದ ಹಾಗೆ ಕಾಣುತ್ತದೆ. ಸ್ಟ್ರಿಪ್ ಮೇಲೆ ಕತ್ತರಿ ಗುರುತು ಇರುವಲ್ಲಿ ಮಾತ್ರ ಕತ್ತರಿಸಬೇಕು. ಮೀಟರಿಗೆ ಸುಮಾರು 10 ವ್ಯಾಟ್‌ನ ಸ್ಟ್ರಿಪ್ ಆದರೆ 12 ವೋಲ್ಟ್, 2 ಆಂಪಿಯರಿನ ಡ್ರೈವರ್ (ಮನೆಯ 230 ವೋಲ್ಟನ್ನು 12ಕ್ಕೆ ಇಳಿಸುವ ಸಾಧನ) ಧಾರಾಳ ಸಾಕು. ಡ್ರೈವರನ್ನು ಗಾಳಿಯಾಡುವ ಡಬ್ಬಿಯಲ್ಲಿ ಸೀಲಿಂಗ್ ಹತ್ತಿರವೇ ಇಡಿಸಿ. ಆಗ ಮರದ ತನಕ ಇಳಿಯುವುದು ಬರೀ 12 ವೋಲ್ಟಿನ ತೆಳು ತಂತಿ. 230 ವೋಲ್ಟಿನ ಕಡೆಯ ಕೆಲಸ ಎಲೆಕ್ಟ್ರಿಷಿಯನ್‌ಗೆ ಬಿಡಿ, ಯೂಟ್ಯೂಬ್ ನೋಡಿ ಕಲಿಯುವ ಜಾಗ ಅದಲ್ಲ.

ತೊಲೆ ಹೆಚ್ಚುಕಮ್ಮಿ 6 ಕೆಜಿ ತೂಗುತ್ತದೆ. ಜಿಪ್ಸಮ್ ಫಾಲ್ಸ್ ಸೀಲಿಂಗ್ ಅದನ್ನು ಹೊರುವುದಿಲ್ಲ. ಮೇಲಿನ ಆರ್‌ಸಿಸಿಗೇ ಎರಡು ಆಂಕರ್ ಬೋಲ್ಟ್ ಹೊಡೆಸಿ, ಎರಡು ತುದಿಗೂ ಸ್ಟೀಲ್ ರೋಪ್ ಕಟ್ಟಿ. ತೂಗುಹಾಕಿದ ಮೇಲೆ ಕೆಳಗೆ ಯಾರನ್ನೂ ಕೂರಿಸದೆ ಒಂದು ರಾತ್ರಿ ಹಾಗೇ ಬಿಡಿ. ಮೇಜಿನಿಂದ ದೀಪಕ್ಕೆ 30 ಇಂಚು ಅಂತರ ಇದ್ದರೆ ಎದುರು ಕೂತವರ ಮುಖವೂ ಕಾಣುತ್ತದೆ, ಬಡಿಸುವವರ ತಲೆಗೂ ತಾಗುವುದಿಲ್ಲ. ನಮ್ಮಮ್ಮ ಎದ್ದು ಬಗ್ಗಿ ಬಡಿಸುತ್ತಾರೆ, ಹಾಗಾಗಿ ನಾನು 32ಕ್ಕೆ ಏರಿಸಿದೆ.

ಗ್ರೂವ್ ಹೊಡೆದ ಜಾಗ ಹಳದಿಯಾಗಿ ಎದ್ದು ಕಾಣುತ್ತಿದೆ ಅಂತ ಅದಕ್ಕೆ ಬಣ್ಣ ಬಳಿಯಲು ಹೋಗಬೇಡಿ. ಬೆಳಕು, ಗಾಳಿ ತಾಗಿ ಹಲಸು ತಾನೇ ಕಂದಾಗುತ್ತದೆ. ನಮ್ಮದು ಯುಗಾದಿಗೆ ತೂಗುಹಾಕಿದ್ದು, ದೀಪಾವಳಿ ಹೊತ್ತಿಗೆ ಜೋನಿಬೆಲ್ಲದ ಬಣ್ಣಕ್ಕೆ ಬಂದಿತ್ತು.