ಕಂಪೆನಿ ಆಕ್ಸಲ್‌ಗೆ ದೊಡ್ಡ ಟಯರ್: ಮೇಲಿನ ತೋಟದ ದಾರಿಯಲ್ಲಿ ನನ್ನ ಅನುಭವ

ಹೆಬ್ರಿಯಿಂದ ಒಳಗೆ, ಘಟ್ಟದ ಬುಡದಲ್ಲಿ ನಮ್ಮ ಅಡಿಕೆ ತೋಟ. ಮನೆಯ ಪಕ್ಕದ್ದು ಅಜ್ಜನ ಕಾಲದ್ದು, ಗುಡ್ಡೆಯ ಮೇಲಿನದು ನಾನು ಎಬ್ಬಿಸಿದ್ದು. ಎರಡರ ನಡುವೆ ಒಂದೂವರೆ ಕಿಲೋಮೀಟರ್ ದಾರಿ, ಪೂರ್ತಿ ನಮ್ಮದೇ ಜಾಗದಲ್ಲಿ. ಬೇಸಿಗೆಯಲ್ಲಿ ಅಲ್ಲಿ ಸ್ಕೂಟರ್ ಕೂಡ ಹತ್ತುತ್ತದೆ. ಮಳೆ ಹಿಡಿದ ಮೇಲೆ ಮೊದಲು ಕೆಂಪು ಜೇಡಿಯ ಏರು, ಆಮೇಲೆ ಉರುಟು ಕಲ್ಲುಗಳ ಒಂದು ತೋಡು (ಸಣ್ಣ ಹಳ್ಳ), ಅದರಾಚೆ ಪಾಚಿ ಹಿಡಿದ ಮುರಕಲ್ಲಿನ (ಜಂಬಿಟ್ಟಿಗೆಯ) ಹಾಸು. ಅಡಿಕೆಗೆ ಎಳೆಗಾಯಿ ಉದುರಿಸುವ ಕೊಳೆರೋಗ ಬರುವುದೂ ಅದೇ ಹೊತ್ತಿಗೆ. ಮಳೆಗಾಲ ಶುರುವಾಗುವ ಮೊದಲು ಒಮ್ಮೆ, ನಲವತ್ತು ನಲವತ್ತೈದು ದಿನ ಕಳೆದು ಇನ್ನೊಮ್ಮೆ ಮದ್ದು ಬಿಡಲೇಬೇಕು. ಎರಡನೆಯದು ಜುಲೈಯ ನಡುಮಳೆಗೆ ಬೀಳುತ್ತದೆ. ಮೇಲಿನ ತೋಟದಲ್ಲಿ ನೀರಿನ ಟ್ಯಾಂಕ್ ಇಲ್ಲ. ಹಾಗಾಗಿ ಕೆಳಗೆ ಕಲಸಿದ ಬೋರ್ಡೋ ದ್ರಾವಣದ (ಮೈಲುತುತ್ತು, ಸುಣ್ಣ ಸೇರಿಸಿದ ಮದ್ದು) 200 ಲೀಟರ್ ಡ್ರಮ್, ಪಂಪು, ಪೈಪಿನ ಸುರುಳಿ, ಜೊತೆಗೆ ಇಬ್ಬರು ಆಳುಗಳು, ಇಷ್ಟನ್ನೂ ಜೀಪಿನಲ್ಲಿ ಹತ್ತಿಸಬೇಕು. ಮಳೆ ಹೊಳವಾದ (ಬಿಡುವು ಕೊಟ್ಟ) ದಿನವೇ ಹತ್ತಿಸಬೇಕು, ಮರುದಿನಕ್ಕೆ ಭರವಸೆಯಿಲ್ಲ.

ಜೀಪ್ ಎಂದರೆ 2014ರ ಮಹೀಂದ್ರಾ ಥಾರ್, ಎರಡೂವರೆ ಲೀಟರ್‌ನ ಸಿಆರ್‌ಡಿಇ ಡೀಸೆಲ್ ಎಂಜಿನ್. ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡುವ ಸರಳು) ಇರುವ ಸ್ವತಂತ್ರ ಸಸ್ಪೆನ್ಷನ್, ಹಿಂದೆ ಪ್ಲೇಟ್ ಸ್ಪ್ರಿಂಗ್ ಮೇಲೆ ಕುಳಿತ ಇಡೀ ಆಕ್ಸಲ್ (ಎರಡು ಗಾಲಿಗಳನ್ನು ಸೇರಿಸುವ ಒಂದೇ ಅಚ್ಚು). 2015ರಲ್ಲಿ ಬಂದ ಪರಿಷ್ಕೃತ ಥಾರ್‌ಗೆ ಹಿಂದಿನ ಆಕ್ಸಲ್‌ನಲ್ಲಿ ಡಿಫರೆನ್ಶಿಯಲ್ ಲಾಕ್ (ಎರಡೂ ಗಾಲಿಗಳನ್ನು ಒಟ್ಟಿಗೆ ತಿರುಗಿಸುವ ಬೀಗ) ಸಿಕ್ಕಿತು, ನನ್ನದರಲ್ಲಿ ಅದಿಲ್ಲ. ಕಂಪೆನಿ ಕೊಟ್ಟ ಟಯರ್ 235/70 ಆರ್16. ಅಂದರೆ ಅಗಲ 235 ಮಿಲಿಮೀಟರ್, ಬದಿಯ ಎತ್ತರ ಆ ಅಗಲದ ನೂರಕ್ಕೆ ಎಪ್ಪತ್ತು, ರಿಮ್ 16 ಇಂಚು. ಕೂಡಿಸಿದರೆ ಟಯರ್‌ನ ಪೂರ್ತಿ ಎತ್ತರ ಸುಮಾರು 735 ಮಿ.ಮೀ.

ನನ್ನ ಜೀಪು ಸಿಕ್ಕಿಬೀಳುತ್ತಿದ್ದದ್ದು ಜೇಡಿಯ ಏರಿನಲ್ಲಿ. ಟ್ರ್ಯಾಕ್ಟರ್ ಓಡಾಡಿ ಆಳವಾದ ಎರಡು ಚಕ್ರದ ಜಾಡು ಬಿದ್ದಿದೆ. ನಡುವಿನ ದಿಬ್ಬಕ್ಕೆ ಹಿಂದಿನ ಆಕ್ಸಲ್‌ನ ಡಿಫರೆನ್ಶಿಯಲ್ (ಎರಡು ಗಾಲಿಗೂ ಬಲ ಹಂಚುವ, ನಡುವೆ ಉಬ್ಬಿದ ಗೇರ್ ಪೆಟ್ಟಿಗೆ) ಉಜ್ಜಿಕೊಂಡು, ನಾಲ್ಕು ಗಾಲಿಗಳೂ ತಿರುಗುತ್ತಾ ನಿಂತುಬಿಡುತ್ತಿತ್ತು. ಸ್ಪ್ರಿಂಗ್ ಬದಲಿಸಿ ಬಾಡಿಯನ್ನು ಎಷ್ಟು ಎತ್ತಿದರೂ ಆ ಡಿಫರೆನ್ಶಿಯಲ್ ಒಂದು ಕೂದಲೆಳೆಯಷ್ಟೂ ಮೇಲೇಳುವುದಿಲ್ಲ, ಏಕೆಂದರೆ ಅದು ಗಾಲಿಯ ನಡುವಿಗೇ ಕಟ್ಟುಬಿದ್ದಿದೆ. ಅದನ್ನು ಎತ್ತಲು ಇರುವುದು ಟಯರ್ ಒಂದೇ. ಅದೂ ಟಯರ್ ಎಷ್ಟು ಎತ್ತರವಾಯಿತೋ ಅದರ ಅರ್ಧದಷ್ಟು ಮಾತ್ರ.

ಶಿರ್ತಾಡಿ ಕಡೆಯ ನನ್ನ ಭಾವನ ಬಳಿ 265/75 ಆರ್16 ಅಳತೆಯ ನಾಲ್ಕು ಮಡ್ ಟಯರ್‌ಗಳು ಸುಮ್ಮನೆ ಬಿದ್ದಿದ್ದವು. ಎತ್ತರ 804 ಮಿ.ಮೀ., ಅಂದರೆ ಆಕ್ಸಲ್ 34 ಮಿ.ಮೀ. ಮೇಲೇಳುತ್ತದೆ. "ಭಾವ, ನಾಲ್ಕೂ ಯಾಕೆ, ಹಿಂದಕ್ಕೆ ಎರಡು ಹಾಕಿದರೆ ಸಾಕು, ಹತ್ತುವಾಗ ಭಾರವೆಲ್ಲ ಹಿಂದೆಯೇ ಅಲ್ಲವೇ" ಎಂದು ಅವರೇ ಹೇಳಿದರು. ನಮ್ಮ ಮೆಕ್ಯಾನಿಕ್ ಕೇಳಿದವರೇ ತಲೆಯಾಡಿಸಿದರು. "ಬೇಡ ಅಣ್ಣ. ಫೋರ್ ವೀಲ್ ಹಾಕಿದ ಕೂಡಲೇ ಮುಂದಿನದೂ ಹಿಂದಿನದೂ ಒಂದೇ ಲೆಕ್ಕದಲ್ಲಿ ತಿರುಗಬೇಕು. ಎರಡು ಎತ್ತರದ ಟಯರ್ ಇದ್ದರೆ ಮುಂದಕ್ಕೂ ಹಿಂದಕ್ಕೂ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಒಳಗೇ ಎಳೆದಾಟ ಶುರುವಾಗುತ್ತದೆ." ನಾಲ್ಕನ್ನೂ ಹಾಕಿದೆವು.

ಎಲ್ಲಿ ಉಜ್ಜುತ್ತದೆ ಎಂದು ನೋಡಲು ನಾನು ಮಾಡಿದ ಉಪಾಯವನ್ನು ಇವತ್ತಿಗೂ ಎಲ್ಲರಿಗೂ ಹೇಳುತ್ತೇನೆ. ಮದ್ದಿಗೆಂದು ತಂದ ಸುಣ್ಣ ಮನೆಯಲ್ಲಿತ್ತು. ಅದನ್ನು ದೋಸೆಹಿಟ್ಟಿನಷ್ಟು ದಪ್ಪಕ್ಕೆ ಕಲಸಿ, ನಾಲ್ಕೂ ಮಡ್‌ಗಾರ್ಡ್‌ಗಳ ಒಳಬದಿಗೆ, ಮುಂದಿನ ಬಂಪರ್‌ನ ಅಂಚಿಗೆ, ಒಳಗಿನ ಚಾಸಿಗೆ ಬ್ರಷ್‌ನಿಂದ ಬಳಿದೆ. ಒಣಗಿದ ಮೇಲೆ ಎಡಗಡೆಯ ಮುಂದಿನ ಗಾಲಿಯನ್ನು ಮೂರು ಮುರಕಲ್ಲು ಪೇರಿಸಿದ ಅಟ್ಟೆಯ ಮೇಲೆ ಹತ್ತಿಸಿದೆ. ಸ್ಪ್ರಿಂಗ್ ಪೂರ್ತಿ ಅದುಮಿ, ಗಾಲಿ ಇನ್ನೂ ಮೇಲೇಳದಂತೆ ತಡೆಯುವ ಬಂಪ್ ಸ್ಟಾಪ್ ರಬ್ಬರ್‌ಗೆ ತಾಗಿದಾಗ ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿದೆ. ಬಲಗಡೆಯದಕ್ಕೂ ಹಾಗೆಯೇ. ಕೆಳಗೆ ಮಲಗಿ ಟಾರ್ಚ್ ಹಾಕಿ ನೋಡಿದರೆ ಸುಣ್ಣ ಅಳಿಸಿದ ಜಾಗಗಳು ಕೆಂಪಗೆ, ಹಸಿ ಗಾಯದ ಹಾಗೆ ಕಾಣುತ್ತಿದ್ದವು: ಬಂಪರ್‌ನ ಹಿಂದಿನ ಮೂಲೆ, ಬಾಗಿಲಿನ ಮುಂಚಿನ ಅಂಚು, ಚಾಸಿಯ ಬದಿಯಲ್ಲಿ ಅಂಗೈ ಅಗಲದ ಒಂದು ಗೆರೆ. ನೇರ ನಿಂತಾಗ ಒಂದು ಬೆರಳು ತೂರುವಷ್ಟು ಜಾಗ ಕಂಡಿದ್ದ ಕಡೆಯೇ ಇದೆಲ್ಲ. ಅಂಗಡಿಯ ಸಮತಟ್ಟು ನೆಲದ ಮೇಲೆ ನಿಂತು 'ಕೂತಿತು' ಎನ್ನುವವರ ಮಾತನ್ನು ಅಂದಿನಿಂದ ನಾನು ನಂಬುವುದಿಲ್ಲ.

ಆದರೂ ಆ ಟಯರ್‌ಗಳಲ್ಲೇ ಮಳೆಗಾಲಕ್ಕೆ ಇಳಿದೆ. ಜೇಡಿಯ ಏರನ್ನು ಜೀಪು ಒಂದೇ ಉಸಿರಿಗೆ ಹತ್ತಿತು ಎನ್ನುವುದು ನಿಜ. ಕೆಟ್ಟದ್ದು ತೋಡಿನಲ್ಲಿ. ಜುಲೈಯ ಒಂದು ಹೊಳವಿನ ಬೆಳಿಗ್ಗೆ, ಹಿಂದೆ ತುಂಬಿದ ಡ್ರಮ್. ತೋಡಿನ ಆಚೆ ದಡದಲ್ಲಿ ದಾರಿ ಎಡಕ್ಕೆ ಹೊರಳುವುದರಿಂದ ಸ್ಟೇರಿಂಗನ್ನು ಪೂರ್ತಿ ತಿರುಗಿಸಿದ್ದೆ. ಮುಂದಿನ ಗಾಲಿ ಉರುಟು ಕಲ್ಲಿನ ಮೇಲೆ ಜಾರಿ ಕುಪ್ಪಳಿಸತೊಡಗಿತು. ಕಾಲು ತೆಗೆಯುವುದರ ಬದಲು ಇನ್ನಷ್ಟು ಒತ್ತಿದೆ. ಗಾಲಿ ಗಾಳಿಯಲ್ಲಿ ರೊಯ್ಯನೆ ತಿರುಗಿ ಕಲ್ಲಿಗೆ ಕಚ್ಚಿಕೊಂಡ ಕ್ಷಣದಲ್ಲಿ, ಒಣ ಕಂಗು (ಅಡಿಕೆ ಮರ) ಮುರಿದಂತೆ ಒಂದು ಸದ್ದು. ಇಳಿದು ನೋಡಿದರೆ ಎಡಗಡೆಯ ಗಾಲಿಗೆ ಬಲ ತಲುಪಿಸುವ, ಬಾಗುವ ಕೀಲಾದ ಸಿ.ವಿ. ಜಾಯಿಂಟ್‌ನ ರಬ್ಬರ್ ಬೂಟ್ (ಕವಚ) ಹರಿದು, ಒಳಗಿನ ಗ್ರೀಸು ತೋಡಿನ ನೀರಿನಲ್ಲಿ ಎಣ್ಣೆಯ ಬಣ್ಣ ಬಿಡುತ್ತಾ ಹೋಗುತ್ತಿತ್ತು. ಅದರೊಳಗಿನ ಆರು ಉಕ್ಕಿನ ಗುಂಡುಗಳಲ್ಲಿ ನಮಗೆ ಸಿಕ್ಕಿದ್ದು ನಾಲ್ಕು. ಬಿಡಿಭಾಗ ಮಂಗಳೂರಿನಿಂದ ಬರಲು ಮೂರು ದಿನ. ಅಷ್ಟರಲ್ಲಿ ಮಳೆ ಮತ್ತೆ ಹಿಡಿಯಿತು, ಒಂದು ವಾರ ಬಿಡಲಿಲ್ಲ. ಆ ವರ್ಷ ಮೇಲಿನ ತೋಟದ ಪ್ರತಿ ಮರದ ಬುಡದಲ್ಲೂ ಬಿದ್ದಿದ್ದ ಎಳೆಗಾಯಿಗಳನ್ನು ನೋಡಿ ನಾನೂ ನನ್ನ ಹೆಂಡತಿಯೂ ಮಾತಿಲ್ಲದೆ ಹಿಂದೆ ಬಂದೆವು.

ತಪ್ಪು ಜೀಪಿನದ್ದಲ್ಲ, ನನ್ನದು. ಯಾಕೆ ಮುರಿಯಿತು ಎಂದು ತಿಳಿಯದೆ ಇನ್ನೊಂದು ಟಯರ್ ಮುಟ್ಟಬಾರದು ಎಂದು ಕುಳಿತು ಯೋಚಿಸಿದೆ. ಬಿಗಿಯಾದ ನಟ್ ಬಿಚ್ಚಲು ವೀಲ್ ಸ್ಪ್ಯಾನರ್‌ಗೆ ಪೈಪು ತೂರಿಸಿ ಉದ್ದ ಮಾಡುತ್ತೇವಲ್ಲ, ದೊಡ್ಡ ಟಯರ್ ಅದೇ ಕೆಲಸವನ್ನು ಆಕ್ಸಲ್‌ಗೆ ಮಾಡುತ್ತದೆ. ಕೆಸರಿನಲ್ಲಿ ಸುಮ್ಮನೆ ತಿರುಗುವ ಗಾಲಿಯಿಂದ ಅದನ್ನು ತಿರುಗಿಸುವ ಶಾಫ್ಟ್‌ಗೆ ಹೆಚ್ಚು ಭಾರವಿಲ್ಲ. ಗಾಲಿ ಕಲ್ಲನ್ನು ಹಿಡಿದಾಗ ಆ ಹಿಡಿತವನ್ನು ಗಾಲಿಯ ತ್ರಿಜ್ಯದಿಂದ ಗುಣಿಸಿದಷ್ಟು ತಿರುಚುವಿಕೆ ಶಾಫ್ಟ್‌ ಮೇಲೆ ಬೀಳುತ್ತದೆ. 735ರಿಂದ 804ಕ್ಕೆ ಹೋದಾಗ ಇದು ಶೇ. 9ರಷ್ಟು ಏರಿತು. ಅದರ ಮೇಲೆ ಕಡಿದಾದ ಏರಿಗೆಂದು ಹಾಕುವ ಲೋ ಗೇರ್ ಎಂಜಿನ್‌ನ ತಿರುಚುವ ಬಲವನ್ನು ಸುಮಾರು ಎರಡೂವರೆ ಪಟ್ಟು ಮಾಡುತ್ತದೆ. ಹೊಸ ಗಾಲಿಯ ತೂಕವೂ ಹೆಚ್ಚು. ರೊಯ್ಯನೆ ತಿರುಗುತ್ತಿರುವ ಅಷ್ಟು ತೂಕ ಒಮ್ಮೆಲೇ ನಿಂತರೆ ಆ ಹೊಡೆತ ಹೋಗುವುದು ಶಾಫ್ಟ್‌ಗೇ. ಸ್ಟೇರಿಂಗ್ ಪೂರ್ತಿ ತಿರುಗಿದಾಗ ಸಿ.ವಿ. ಜಾಯಿಂಟ್ ಅತಿ ಹೆಚ್ಚು ಬಾಗಿರುತ್ತದೆ, ಅದು ಅತಿ ದುರ್ಬಲವಾಗಿರುವುದೂ ಆಗಲೇ. ನಾನು ಇಷ್ಟನ್ನೂ ಒಂದೇ ಕ್ಷಣದಲ್ಲಿ ಒಟ್ಟು ಸೇರಿಸಿದ್ದೆ.

ಕಂಪೆನಿಯದಕ್ಕಿಂತ ಗಟ್ಟಿ ಆಕ್ಸಲ್ ಹಾಕಿಸಿಕೊಳ್ಳಿ ಎಂದವರಿದ್ದಾರೆ. ಅಡಿಕೆಗೆ ಮದ್ದು ಬಿಡಲು ಅಷ್ಟು ಖರ್ಚು ಸಲ್ಲದು. ಕಂಪೆನಿ ಆಕ್ಸಲ್ ತಡೆಯುವಷ್ಟೇ ಟಯರ್ ಹಾಕಬೇಕು ಎಂದು ನಿಶ್ಚಯಿಸಿದೆ.

ಮರುವರ್ಷ ತಂದದ್ದು 245/75 ಆರ್16, ಆಲ್ ಟೆರೇನ್ (ಎಲ್ಲ ಬಗೆಯ ನೆಲಕ್ಕೂ ಆಗುವ) ನಮೂನೆಯದ್ದು. ಎತ್ತರ 774 ಮಿ.ಮೀ. ಆಕ್ಸಲ್ ಮೇಲೇಳುವುದು 19 ಮಿ.ಮೀ. ಮಾತ್ರ, ಶಾಫ್ಟ್ ಮೇಲಿನ ಹೆಚ್ಚುವರಿ ಭಾರ ಶೇ. 5ರ ಆಸುಪಾಸು. ಅಡಿಕೆ ತೂಗುವ ಯಂತ್ರದ ಮೇಲಿಟ್ಟು ನೋಡಿದೆ: ರಿಮ್ ಸಮೇತ ಹಳೆಯದು 26 ಕಿಲೋ, ಹೊಸದು 32. ಉಳಿದ ಎತ್ತರವನ್ನು ಗುದ್ದಲಿಯಿಂದ ಸಂಪಾದಿಸಿದೆ. ಜಾಡಿನ ನಡುವಿನ ದಿಬ್ಬವನ್ನು ಮೇ ತಿಂಗಳಲ್ಲಿ ಇಬ್ಬರು ಆಳುಗಳು ಒಂದೂವರೆ ದಿನದಲ್ಲಿ ಕೆತ್ತಿ ಸಮ ಮಾಡಿದರು. ಮೊದಲ ವರ್ಷವೇ ಹೊಳೆಯಬೇಕಿತ್ತು.

ಮಡ್ ಟಯರ್ ಬಿಟ್ಟು ಆಲ್ ಟೆರೇನ್ ಆರಿಸಿದ್ದಕ್ಕೆ ಕಾರಣ ಮುರಕಲ್ಲಿನ ಹಾಸು. ಜೇಡಿಯಲ್ಲಿ ಮಡ್ ಟಯರ್‌ನ ದಪ್ಪ ಗುಬ್ಬಿಗಳು ಮಣ್ಣನ್ನು ಅಗೆದು ಹಿಡಿಯುತ್ತವೆ, ಒಪ್ಪುತ್ತೇನೆ. ಪಾಚಿ ಹಿಡಿದ ಕಲ್ಲಿನಲ್ಲಿ ಅಗೆಯಲು ಏನಿದೆ? ಅಲ್ಲಿ ಬೇಕಾದದ್ದು ಕಲ್ಲಿಗೆ ತಾಗುವ ರಬ್ಬರ್ ಮತ್ತು ಅದರ ಮೇಲಿನ ಸಣ್ಣ ಸಣ್ಣ ಸೀಳುಗಳು. ಭಾವನ ಟಯರ್‌ಗಳಲ್ಲಿ ಆ ಹಾಸಿನ ಮೇಲೆ ಜೀಪು ಅಡ್ಡಕ್ಕೆ ಜಾರಿದ್ದು ಈಗಲೂ ನೆನಪಿದೆ.

ಹಾಕುವ ಮೊದಲು ಮುಂದಿನ ಬಾಲ್ ಜಾಯಿಂಟ್‌ಗಳನ್ನು ಅಲ್ಲಾಡಿಸಿ ನೋಡಿ ಒಂದನ್ನು ಬದಲಿಸಿದೆವು, ವೀಲ್ ಬೇರಿಂಗ್‌ಗಳಿಗೆ ಹೊಸ ಗ್ರೀಸು ತುಂಬಿದೆವು. ಚಪ್ಪಟೆಯಾಗಿದ್ದ ಬಂಪ್ ಸ್ಟಾಪ್ ರಬ್ಬರ್‌ಗಳ ಜಾಗಕ್ಕೆ ಹೊಸದು ಬಂತು. ಸುಣ್ಣದ ಪರೀಕ್ಷೆ ಮತ್ತೆ ಮಾಡಿದೆ, ಈ ಬಾರಿ ಬಂಪರ್‌ನ ಮೂಲೆಯಲ್ಲಿ ಮಾತ್ರ ಉಗುರಗಲ ಅಳಿಸಿತ್ತು. ಅದಕ್ಕೂ ಒಬ್ಬರು ಟಾರ್ಷನ್ ಬಾರ್ ಬಿಗಿ ಮಾಡಿ ಮುಂದನ್ನು ಎತ್ತಿಬಿಡಿ ಎಂದರು. ನಾನು ಒಪ್ಪಲಿಲ್ಲ. ಬಾರ್ ಬಿಗಿ ಮಾಡಿದರೆ ಜೀಪು ಎತ್ತರ ಕಾಣುತ್ತದೆ ನಿಜ, ಆದರೆ ಸಿ.ವಿ. ಜಾಯಿಂಟ್ ನೇರ ನಿಂತಾಗಲೂ ಬಾಗಿಕೊಂಡೇ ಇರುತ್ತದೆ, ಗಾಲಿಗೆ ಕೆಳಕ್ಕೆ ಇಳಿಯಲು ಜಾಗವೂ ಕಡಿಮೆಯಾಗುತ್ತದೆ. ಮುರಿದ ಭಾಗವನ್ನೇ ಇನ್ನಷ್ಟು ಬಾಗಿಸುವ ಉಪಾಯ ಅದು. ಬಂಪರ್‌ನ ಮೂಲೆಯನ್ನು ಗರಗಸದಲ್ಲಿ ಎರಡು ಬೆರಳಗಲ ಕೊಯ್ದದ್ದರಲ್ಲಿ ಕೆಲಸ ಮುಗಿಯಿತು.

ಡಾಂಬರು ರಸ್ತೆಯ ಮಾತು ಬೇರೆ. ಮೊದಲ ಕೆಲವು ವಾರ ಅದೇ ಟಯರ್‌ಗಳಲ್ಲಿ ಹೆಬ್ರಿ ಪೇಟೆಗೂ ಸೋಮೇಶ್ವರಕ್ಕೂ ಹೋಗಿಬಂದೆ. ಸ್ಪೀಡೋಮೀಟರ್ 60 ತೋರಿಸುವಾಗ ಜೀಪು ಓಡುತ್ತಿರುವುದು 63ರಲ್ಲಿ. ಮೂರನೇ ಗೇರ್‌ನಲ್ಲಿ ಹತ್ತುತ್ತಿದ್ದ ಏರಿಗೆ ಎರಡು ಬೇಕಾಯಿತು. ಬ್ರೇಕ್ ಒತ್ತಿದರೆ ನಿಲ್ಲುವುದು ಸ್ವಲ್ಪ ಮುಂದೆ. ಹಿಂಬಾಗಿಲಿಗೆ ನೇತುಹಾಕಿದ ಭಾರದ ಸ್ಟೆಪ್ನಿಯಿಂದ ಕೀಲು ಕಿರುಗುಟ್ಟತೊಡಗಿತು. ವಿಮೆ ನವೀಕರಿಸುವಾಗ ತಿಳಿದ ವಿಷಯ ಇದಕ್ಕಿಂತ ಮುಖ್ಯ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ನಮೂದಿಸಿದ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ನನ್ನ ಜೀಪಿನ ಕಾಗದಪತ್ರಗಳಿಗೆ ಹೊಂದುವುದು ಹಳೆಯ ಅಳತೆಯೇ. ನಾಳೆ ರಸ್ತೆಯಲ್ಲಿ ಯಾರಿಗಾದರೂ ಏನಾದರೂ ಆದರೆ ಉತ್ತರ ಕೊಡಬೇಕಾದವನು ನಾನು. ಹಾಗಾಗಿ ನಾಲ್ಕು ಹಳೆಯ ರಿಮ್‌ಗಳನ್ನು ಕೊಂಡು ತಂದೆ. ಈಗ ದೊಡ್ಡ ಟಯರ್‌ಗಳು ಅವುಗಳ ಮೇಲೆಯೇ ಇರುತ್ತವೆ, ಮದ್ದು ಬಿಡುವ ದಿನಗಳಲ್ಲಿ ಜೀಪಿಗೆ ಏರುತ್ತವೆ, ನಮ್ಮ ಗೇಟು ದಾಟುವುದಿಲ್ಲ. ಪೇಟೆಗೆ ಹೋಗುವುದು 235/70ರಲ್ಲಿಯೇ. ಎರಡು ಜ್ಯಾಕ್ ಇದ್ದರೆ ಬದಲಿಸಲು ಮುಕ್ಕಾಲು ಗಂಟೆ. ಪ್ರತಿ ಬಾರಿ ಒಂದು ಸುತ್ತು ಓಡಿಸಿ ಬಂದು ನಟ್‌ಗಳನ್ನು ಮತ್ತೆ ಬಿಗಿ ಮಾಡುತ್ತೇನೆ.

ಎತ್ತರಕ್ಕಿಂತ ಹೆಚ್ಚು ಉಪಕಾರ ಮಾಡಿದ್ದು ಗಾಳಿ ಎಂದು ಈಗ ಧೈರ್ಯವಾಗಿ ಹೇಳಬಲ್ಲೆ. ಅಂಗಳದಲ್ಲಿಯೇ 30 ಪೌಂಡ್‌ನಿಂದ ಮುಂದೆ 20ಕ್ಕೆ, ಡ್ರಮ್ ಇರುವ ಹಿಂಬದಿಗೆ 22ಕ್ಕೆ ಇಳಿಸುತ್ತೇನೆ. ಟಯರ್ ಕಲ್ಲಿನ ಮೇಲೆ ಅಕ್ಕಿಮುಡಿಯ ಹಾಗೆ ಮೆತ್ತಗೆ ಕೂರುತ್ತದೆ, ಪಾಚಿಯ ಹಾಸಿನಲ್ಲೂ ಬಿಡುವುದಿಲ್ಲ. 18ಕ್ಕಿಂತ ಕೆಳಗೆ ಹೋಗುವುದಿಲ್ಲ, ತಿರುವಿನಲ್ಲಿ ಟಯರ್ ರಿಮ್‌ನಿಂದ ಕಳಚಿಕೊಳ್ಳುವ ಅಪಾಯವಿದೆ. ಬ್ಯಾಟರಿಗೆ ಸಿಕ್ಕಿಸುವ ಸಣ್ಣ ಕಂಪ್ರೆಸರ್ ಯಾವಾಗಲೂ ಸೀಟಿನ ಕೆಳಗಿರುತ್ತದೆ.

ತೋಡಿನಲ್ಲಿ ಈಗ ದಾರಿಯನ್ನೇ ಸ್ವಲ್ಪ ಬದಲಿಸಿದ್ದೇನೆ. ಸ್ಟೇರಿಂಗ್ ನೇರವಿಟ್ಟು ದಾಟಿ, ಆಚೆ ದಡದಲ್ಲಿ ಪೂರ್ತಿ ನಿಂತು, ಹಿಂದೆ ಮುಂದೆ ಮಾಡಿಕೊಂಡು ತಿರುಗಿಸುತ್ತೇನೆ. ಲೋ ಗೇರ್‌ನ ಒಂದನೆಯದರಲ್ಲಿ, ಎಕ್ಸಲೇಟರ್‌ಗೆ ಪಾದ ಒತ್ತದೆ, ಎಂಜಿನ್ ತನ್ನ ಪಾಡಿಗೆ ಎಳೆದಷ್ಟೇ. ಗಾಲಿ ಕುಪ್ಪಳಿಸಲು ಶುರುವಾದರೆ ಕ್ಲಚ್ ಒತ್ತಿ ಕಾಯುತ್ತೇನೆ. ಹಿಂದೆ ಕುಳಿತ ಆಳುಗಳು ಅಷ್ಟು ಹೊತ್ತಿಗೆ ಇಳಿದು ಗಾಲಿಯ ಮುಂದಿನ ಕಲ್ಲನ್ನು ಹಾರೆಯಿಂದ ಸರಿಸಿಬಿಡುತ್ತಾರೆ. ಮೂರು ಮಳೆಗಾಲ ಕಳೆದಿವೆ. ಪ್ರತಿ ಬಾರಿ ಟಯರ್ ಇಳಿಸುವಾಗ ಸಿ.ವಿ. ಜಾಯಿಂಟ್‌ನ ಬೂಟ್‌ನ ಮಡಿಕೆಗಳನ್ನು ಬೆರಳಿನಿಂದ ಬಿಡಿಸಿ ನೋಡುತ್ತೇನೆ. ಕಳೆದ ತಿಂಗಳು ಎಡಗಡೆಯದರಲ್ಲಿ ಒಂದು ಸಣ್ಣ ಬಿರುಕು ಕಂಡಿತು, ಗ್ರೀಸು ಇನ್ನೂ ಹೊರಗೆ ಬಂದಿರಲಿಲ್ಲ. ಹೊಸ ಬೂಟ್ ತಂದಿಟ್ಟಿದ್ದೇನೆ. ಮೊದಲ ಮದ್ದಿಗೆ ಮುಂಚೆ ಹಾಕಿಸಬೇಕು.